ಟ್ರಂಕಿನೊಳಗೆ ಇಟ್ಟ ಮೆಣಸಿನಕಾಯಿ

ಒಂದು ತಪ್ಪನ್ನು ಬರೆಯಲು ಕೂತಿದ್ದೇನೆ. ತಪ್ಪಿನ ಕಥೆ ಹೇಳುವವರು ಸಾಮಾನ್ಯವಾಗಿ ಅದರಲ್ಲಿ ಇನ್ನೊಬ್ಬರಿಗೂ ಒಂದಿಷ್ಟು ಪಾಲು ಕೊಡುತ್ತಾರೆ. ನನಗೆ ಹಾಗೆ ಪಾಲು ಕೊಡಲು ಯಾರೂ ಸಿಗಲಿಲ್ಲ. ಹುಡುಕಲಿಲ್ಲ ಅಂತಲ್ಲ, ಚೆನ್ನಾಗಿಯೇ ಹುಡುಕಿದೆ.

ನನ್ನ ಕೆಲಸ ಟ್ರಂಕುಗಳದು. ನಮ್ಮದೊಂದು ಸಣ್ಣ ಓದುಗರ ಬಳಗ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳ, ಆಸುಪಾಸಿನ ಹಳ್ಳಿಗಳ ಮನೆಗಳಲ್ಲಿ ಯಾರೂ ಓದದೆ ಬಿದ್ದಿರುವ ಪುಸ್ತಕಗಳನ್ನು ಕೇಳಿ ತಂದು, ವಿಂಗಡಿಸಿ, ತಗಡಿನ ಟ್ರಂಕುಗಳಲ್ಲಿ ತುಂಬಿ ಸುತ್ತಲಿನ ಹಳ್ಳಿ ಶಾಲೆಗಳಿಗೆ ಕಳಿಸುತ್ತೇವೆ. ಒಂದು ಟ್ರಂಕು ಒಂದು ಶಾಲೆಯಲ್ಲಿ ಎರಡು ತಿಂಗಳಿದ್ದು ಮುಂದಿನ ಶಾಲೆಗೆ ಹೋಗುತ್ತದೆ. ಒಟ್ಟು ಹನ್ನೆರಡು ಟ್ರಂಕು. ಬಳಗದ ಕಾರ್ಯದರ್ಶಿಗಳು ಇರುವುದು ಹಾವೇರಿಯಲ್ಲಿ. ಟ್ರಂಕುಗಳ ಕೋಣೆ ಇರುವುದು ಬ್ಯಾಡಗಿಯಲ್ಲಿ, ನಮ್ಮ ಮನೆಯ ಹಿಂದೆ, ಅದರ ಬೀಗದ ಕೈ ನನ್ನ ಸೆರಗಿನಲ್ಲಿ.

ಪುಸ್ತಕ ಕೇಳಿಕೊಂಡು ಮನೆ ಮನೆ ತಿರುಗುವುದರಲ್ಲಿ ಒಂದು ಸುಖವಿದೆ. ಯಾರ ಮನೆಯಲ್ಲಿ ಏನಿದೆ ಎಂದು ಮುಖ ನೋಡಿ ಹೇಳಲಾಗದು. ಹಾವೇರಿಯ ಒಬ್ಬ ಬಟ್ಟೆ ಅಂಗಡಿಯವರ ಅಟ್ಟದ ಮೇಲೆ, ಬಿಚ್ಚಿಟ್ಟ ತೊಟ್ಟಿಲಿನ ಪಕ್ಕ, ಚಿತ್ರಪುಸ್ತಕಗಳ ಒಂದು ಕಟ್ಟು ಸಿಕ್ಕಿತು. ಒಂದರಲ್ಲಿ ಆನೆಯ ಕಿವಿಯನ್ನು ಯಾವುದೋ ಮಗು ಕಚ್ಚಿ ತಿಂದಿತ್ತು. ಬ್ಯಾಡಗಿಯ ವಕೀಲರೊಬ್ಬರು ಕಾನೂನು ಪುಸ್ತಕಗಳ ಹಿಂದಿನ ಸಾಲಿನಲ್ಲಿ ಮಾಂತ್ರಿಕರ, ಹಾರುವ ಕುದುರೆಗಳ, ಏಳು ಸಮುದ್ರದಾಚೆಯ ರಾಜ್ಯಗಳ ಕಾದಂಬರಿಗಳನ್ನು ಬಚ್ಚಿಟ್ಟಿದ್ದರು. ಕೊಡುವಾಗ ಯಾರಿಗೂ ಹೇಳಬೇಡಿ ಎಂದು ಮೂರು ಸಲ ಹೇಳಿದರು. ಗುತ್ತಲದ ಒಂದು ಮನೆಯಲ್ಲಿ ರಟ್ಟು ಕಿತ್ತುಹೋದ ದಪ್ಪ ಇತಿಹಾಸದ ಪುಸ್ತಕವನ್ನು ಜೋಳದ ಚೀಲ ವಾಲದಂತೆ ಕೆಳಗೆ ಒತ್ತು ಕೊಟ್ಟಿದ್ದರು. ಪ್ರತಿ ಟ್ರಂಕಿನಲ್ಲೂ ಈ ಮೂರೂ ಬಗೆ ಇರಲೇಬೇಕೆಂದು ಹಟ ಹಿಡಿದವಳು ನಾನೇ. ಮೇಲೆ ಚಿತ್ರದ್ದು, ನಡುವೆ ಮಾಯಾಲೋಕ, ತಳದಲ್ಲಿ ಇತಿಹಾಸ. ಚಿತ್ರ ನೋಡಲು ಬಂದ ಮಗು ಅಗೆಯುತ್ತ ಅಗೆಯುತ್ತ ತಳ ಮುಟ್ಟಲಿ ಎಂಬುದು ನನ್ನ ಲೆಕ್ಕ.

ರಾಣೆಬೆನ್ನೂರಿನ ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆಗೆ ಹೋದದ್ದು ಜನವರಿಯಲ್ಲಿ. ಹಳೆಯ ಮ್ಯಾಗಜಿನ್ ಏನಾದರೂ ಕೊಟ್ಟಾರು ಅಂದುಕೊಂಡಿದ್ದೆ. ಅವರು ಒಳಗಿನಿಂದ ಹನ್ನೊಂದು ಪುಸ್ತಕ ತಂದು ಮಂಚದ ಮೇಲೆ ಹರಡಿದರು. ಎಲ್ಲವನ್ನೂ ಅವರೇ ಬರೆದು, ಚಿತ್ರ ಬಿಡಿಸಿ, ಹಾಳೆ ಮಡಚಿ ಹೊಲಿದು, ಮನೆಯಲ್ಲೇ ಕುದಿಸಿದ ಮೈದಾ ಅಂಟಿನಿಂದ ರಟ್ಟು ಕಟ್ಟಿದ್ದು. ಒಂದೊಂದಕ್ಕೂ ಒಂದೇ ಪ್ರತಿ. ಮೊದಲ ನಾಲ್ಕು ಅಕ್ಷರ ಬಾರದ ಮಕ್ಕಳಿಗೆ, ಬರೀ ಚಿತ್ರ. ನಡುವಿನ ನಾಲ್ಕರಲ್ಲಿ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ರಾಜ್ಯದ ಕಥೆ. ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ ಮಾತಾಡುವ ಚಿಗರಿಗಳು, ಅವುಗಳ ನೆರಳನ್ನೇ ಕದಿಯುವ ಒಬ್ಬ ರಾಜ. ಕೊನೆಯ ಮೂರು ಗಳಗನಾಥದ ಗುಡಿಯ ಇತಿಹಾಸ, ಕಲ್ಲು ಹೊತ್ತವರ ಬಾಯಿಂದ ಹೇಳಿಸಿದ್ದು. ಮೂವತ್ತು ವರ್ಷ, ದಿನಾ ಶಾಲೆ ಬಿಟ್ಟ ಮೇಲೆ, ಸಂಜೆ ಕೂತು ಮಾಡಿದ ಕೆಲಸ ಅದು. ಹನ್ನೊಂದನ್ನೂ ಮೊದಲಿನಿಂದ ಕೊನೆಯವರೆಗೆ ಮಗುಚಿ ನೋಡಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.

ಒಂದು ವರ್ಷಕ್ಕೆ ಕೊಡಿ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಬೆರಳುಗಳು ತಾವಾಗಿಯೇ ನಡುಗುತ್ತಿದ್ದವು.

"ಇವು ಮತ್ತ ಆಗಂಗಿಲ್ಲ ತಂಗಿ. ಹೋದ್ರ ಹೋದ್ವು," ಅಂದರು.

ಮೂರನೆಯ ಸಲ ಹೋದಾಗ ಮನಸ್ಸು ಕರಗಿತು. ಮಕ್ಕಳ ಕೈಗೆ ಕೊಡುವುದಿಲ್ಲ, ಪ್ರತಿ ಶಾಲೆಯಲ್ಲೂ ನಾನೇ ನಿಂತು ಹಾಳೆ ಮಗುಚಿ ತೋರಿಸುತ್ತೇನೆ, ಹೇಗೆ ಕೊಟ್ಟಿರೋ ಹಾಗೆ ತಂದು ಕೊಡುತ್ತೇನೆ ಎಂದು ಮಾತು ಕೊಟ್ಟೆ. ಮಾರ್ಚ್ ಕೊನೆಯಲ್ಲಿ ಟ್ರಂಕು ಹೊತ್ತುಕೊಂಡು ಹೋಗಿ ಅವರ ಎದುರಿಗೇ ತುಂಬಿಕೊಂಡೆ.

ಪುಸ್ತಕಕ್ಕೆ ಹುಳ ಹತ್ತದಂತೆ ಬಹಳ ಜನ ಡಾಂಬರು ಗುಳಿಗೆ ಇಡುತ್ತಾರೆ. ಸಣ್ಣ ಮಕ್ಕಳು ಪೆಪ್ಪರಮಿಂಟು ಎಂದು ಬಾಯಿಗೆ ಹಾಕಿಕೊಂಡಾರೆಂಬ ಹೆದರಿಕೆಗೆ ನಾನು ಅದನ್ನು ಮುಟ್ಟುವುದಿಲ್ಲ. ನಾನು ಬ್ಯಾಡಗಿಯವಳು. ನಮ್ಮ ಅವ್ವ ನಾಲ್ಕು ಒಣ ಮೆಣಸಿನಕಾಯಿ ಹಾಕದೆ ಅಕ್ಕಿ ಡಬ್ಬಿಯ ಮುಚ್ಚಳ ಮುಚ್ಚಿದವಳಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಮನುಷ್ಯನೇ ಮೂಗು ಮುಚ್ಚಿಕೊಂಡು ಓಡಾಡುತ್ತಾನೆ, ಹುಳ ಎಲ್ಲಿಂದ ಬಂದೀತು? ಮನೆಯಲ್ಲಿ ಹಿಂದಿನ ವರ್ಷದ ಕಾಯಿ ಅರ್ಧ ಚೀಲ ಉಳಿದಿತ್ತು. ಬಿಳಿ ಬಟ್ಟೆಯ ತುಂಡುಗಳಲ್ಲಿ ಒಂದೊಂದು ಹಿಡಿ ಕಟ್ಟಿ, ಟ್ರಂಕಿಗೆ ಒಂದರಂತೆ ಗಂಟು ಇಟ್ಟೆ. ಮಾಸ್ತರರ ಟ್ರಂಕಿಗೆ ಮಾತ್ರ, ಅವರ ಮನೆಯಲ್ಲಿ ತುಂಬುವಾಗಲೇ, ಪ್ರೀತಿಯಿಂದ ಎರಡು ಇಟ್ಟಿದ್ದೆ. ಹತ್ತು ಟ್ರಂಕಿಗೆ ಕಾಯಿ ಮುಗಿದವು, ಕೊನೆಯ ಎರಡಕ್ಕೆ ಏನೂ ಇಡಲಿಲ್ಲ. ಶಾಲೆಗಳಿಗೆ ಬೇಸಿಗೆ ರಜೆ ಬಂತು. ತಗಡಿನ ಮಾಡಿನ ಆ ಕೋಣೆಗೆ ಬೀಗ ಹಾಕಿ ಎರಡು ತಿಂಗಳು ಅತ್ತ ತಿರುಗಿ ನೋಡಲಿಲ್ಲ.

ಜೂನ್‌ನಲ್ಲಿ ಮೂರು ಟ್ರಂಕುಗಳು ಹೊರಟವು. ಗುತ್ತಲಕ್ಕೊಂದು, ಗಳಗನಾಥಕ್ಕೊಂದು. ಮೂರನೆಯದನ್ನು ನಾನೇ ಮೋಟೆಬೆನ್ನೂರಿನ ಶಾಲೆಗೆ ಒಯ್ದು ಐದನೆಯ ತರಗತಿಯ ಮಕ್ಕಳ ನಡುವೆ ತೆರೆದೆ. ಮೊದಲು ಕಂಡದ್ದು ಮೂಲೆಯಲ್ಲಿ ಸಣ್ಣ ರವೆಯಂಥ ಪುಡಿ. ದಾರಿಯ ಕುಲುಕಾಟಕ್ಕೆ ಮೆಣಸಿನಕಾಯಿ ಪುಡಿಯಾಗಿರಬೇಕು ಅಂದುಕೊಂಡೆ. ಆದರೆ ಅದು ಕೆಂಪಗಿರಲಿಲ್ಲ, ಬೂದು ಬಣ್ಣದ್ದಿತ್ತು. ಅಷ್ಟರಲ್ಲಿ ಮುಂದೆ ಕೂತ ಒಬ್ಬ ಹುಡುಗಿ ಮೇಲಿನ ಚಿತ್ರಪುಸ್ತಕವನ್ನು ಎತ್ತಿ ಕಣ್ಣಿಗೆ ಹಿಡಿದುಕೊಂಡಳು. ಮುಚ್ಚಿದ ಪುಸ್ತಕವನ್ನು.

"ಅಕ್ಕೋರ, ಇದರಾಗಿಂದ ನೀವು ಕಾಣ್ತೀರಿ," ಅಂದಳು.

ಮಕ್ಕಳು ನಕ್ಕರು. ನಾನೂ ನಕ್ಕಂತೆ ಮಾಡಿ ಪುಸ್ತಕ ಇಸಿದುಕೊಂಡೆ. ಸೂಜಿಯಿಂದ ಚುಚ್ಚಿದಂಥ ದುಂಡನೆಯ ತೂತು, ಮುಂದಿನ ರಟ್ಟಿನಿಂದ ಹಿಂದಿನ ರಟ್ಟಿನವರೆಗೆ. ಅದರ ಕೆಳಗಿದ್ದ ಪುಸ್ತಕಕ್ಕೂ ಅದೇ ಜಾಗದಲ್ಲಿ ತೂತು. ಪುಸ್ತಕ ಬದಲಾಗಿ ಬಂದಿವೆ, ಮುಂದಿನ ವಾರ ಬೇರೆ ತರುತ್ತೇನೆ ಎಂದು ಏನೋ ಒಂದು ಸುಳ್ಳು ಹೇಳಿ, ಟ್ರಂಕು ಮುಚ್ಚಿ, ಟಂಟಂ ರಿಕ್ಷಾ ಹಿಡಿದು ಬ್ಯಾಡಗಿಗೆ ವಾಪಸು ಬಂದೆ.

ಅಂಗಳದಲ್ಲಿ ಬಿಳಿ ಚಾದರ ಹಾಸಿ ಟ್ರಂಕನ್ನು ಬರಿದು ಮಾಡಿದೆ. ಒಂದೊಂದು ಪುಸ್ತಕವನ್ನೂ ಬೆನ್ನು ಮೇಲೆ ಮಾಡಿ ಹಿಡಿದು ಮೂರು ಸಲ ತಟ್ಟುವುದು, ಪುಡಿ ಬಿದ್ದರೆ ಎಡಕ್ಕೆ, ಬೀಳದಿದ್ದರೆ ಬಲಕ್ಕೆ. ಹತ್ತು ಪುಸ್ತಕ ಆಗುವುದರೊಳಗೆ ಬಲಗಡೆ ಇಡಲು ಏನೂ ಸಿಗುವುದಿಲ್ಲ ಎಂದು ತಿಳಿಯಿತು. ಒಂದು ರಾಶಿಯನ್ನು ಟ್ರಂಕಿನಲ್ಲಿದ್ದ ಹಾಗೆಯೇ ಜೋಡಿಸಿ ತೂತಿನೊಳಗೆ ಊದಿನಕಡ್ಡಿ ಇಳಿಸಿ ನೋಡಿದೆ. ಚಿತ್ರಪುಸ್ತಕ ದಾಟಿತು, ಮಾಂತ್ರಿಕನ ಕಾದಂಬರಿ ದಾಟಿತು, ಇತಿಹಾಸದ ಪುಸ್ತಕದ ನಡುಮಧ್ಯ ಹೋಗಿ ನಿಂತಿತು. ಕಡ್ಡಿಯ ಉದ್ದ ಮುಗಿದಿತ್ತೇ ಹೊರತು ತೂತು ಮುಗಿದಿರಲಿಲ್ಲ. ಮಕ್ಕಳು ಅಗೆಯುತ್ತ ತಳ ಮುಟ್ಟಲಿ ಅಂದುಕೊಂಡಿದ್ದೆನಲ್ಲ, ಮಕ್ಕಳಿಗಿಂತ ಮೊದಲು ಆ ಲೆಕ್ಕ ಯಾರೋ ಮುಗಿಸಿದ್ದರು.

ಸಾಲಿನಲ್ಲಿ ಮುಂದಿದ್ದ ಬೇರೆ ಟ್ರಂಕುಗಳಲ್ಲೂ ಪುಡಿ. ಮಾಸ್ತರರ ಟ್ರಂಕನ್ನು ಹಿಂದಕ್ಕೆ ಹಾಕುತ್ತಲೇ ಹೋದೆ. ತೆರೆಯಲು ಧೈರ್ಯ ಬರಲಿಲ್ಲ ಅನ್ನುವುದು ಖರೆ ಮಾತು. ಮುಚ್ಚಳ ಎತ್ತಿದಾಗ ಎಳ್ಳಿಗಿಂತ ಸಣ್ಣ, ಕಂದು ಬಣ್ಣದ ಹುಳಗಳು ಅಂಚಿನ ಮೇಲೆ ನಿಧಾನವಾಗಿ ನಡೆಯುತ್ತಿದ್ದವು. ಬೆಳಕಿಗೆ ಗಾಬರಿ ಕೂಡ ಬೀಳಲಿಲ್ಲ. ಚಿಗರಿ ರಾಜ್ಯದ ಎರಡನೆಯ ಭಾಗವನ್ನು ಎತ್ತಿದೆ. ಬೆನ್ನಿನ ರಟ್ಟು ಕೈಯಲ್ಲೇ ಉಳಿದು ಹಾಳೆಗಳು ಕೆಳಗೆ ಬಿದ್ದವು. ರಟ್ಟಿನ ಒಳಮೈಯಲ್ಲಿ ಅಂಟು ಇದ್ದ ಜಾಗವೆಲ್ಲ ಪುಡಿ, ಪುಡಿಯಲ್ಲಿ ನುಚ್ಚಕ್ಕಿಯಂಥ ಬಿಳಿ ಮರಿಗಳು ಮಿಸುಕುತ್ತಿದ್ದವು. ತೆರೆದು ನೋಡಿದ ಟ್ರಂಕುಗಳಲ್ಲಿ ಎಲ್ಲಕ್ಕಿಂತ ಕೆಟ್ಟು ಹೋದದ್ದು ಅದೇ. ಕೂತಲ್ಲೇ ಅತ್ತೆ. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಮುಖ ಆ ಕಡೆ ಮಾಡಿಕೊಂಡೆ, ಅಷ್ಟು ಬುದ್ಧಿ ಮಾತ್ರ ಉಳಿದಿತ್ತು.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಗುತ್ತಲದ ಜೋಳದ ಚೀಲದ ಕೆಳಗಿದ್ದ ಪುಸ್ತಕ! ನುಸಿ ಅಲ್ಲಿಂದಲೇ ಬಂದದ್ದು ಎಂದು ಆ ಮನೆಯವರನ್ನು ಮನಸ್ಸಿನಲ್ಲೇ ಬೈದೆ. ಪಕ್ಕದ ಮನೆಯವರು ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕರು. ಸಂಜೆ ಕೆಲಸ ಬಿಟ್ಟು ಬಂದವರು ಅಂಗಳದಲ್ಲಿ ನನ್ನ ಅವತಾರ ನೋಡಿ ಒಳಗೆ ಬಂದರು. ನಾನು ಗುತ್ತಲದ ಕಥೆ ಹೇಳಿ, ಅಷ್ಟು ಮೆಣಸಿನಕಾಯಿ ಇಟ್ಟರೂ ಈ ಹುಳ ಜಗ್ಗಲಿಲ್ಲವಲ್ಲ ಅಂದೆ. ಅವರು ಒಂದು ಗಂಟು ಬಿಚ್ಚಿ, ಒಂದು ಕಾಯಿ ತೆಗೆದು, ತೊಟ್ಟಿನ ಹತ್ತಿರ ಮುರಿದು ನನ್ನ ಅಂಗೈ ಮೇಲೆ ಕೊಡವಿದರು. ಬೀಜಗಳು ಟೊಳ್ಳಾಗಿದ್ದವು. ಬೂದು ಪುಡಿ ಬಿತ್ತು, ಅದರ ಹಿಂದೆ ಒಂದು ಕಂದು ಹುಳ ಬಿದ್ದು ನನ್ನ ಬೆರಳಿನ ಕಡೆ ನಡೆಯಿತು.

"ಅಕ್ಕಾರ, ಮೆಣಸಿನಕಾಯಿಗೆ ಹುಳಾ ಹತ್ತಂಗಿಲ್ಲಂದ್ರ ಈ ಊರಾಗ ಇಷ್ಟು ಕೋಲ್ಡ್ ಸ್ಟೋರೇಜ್ ಯಾಕ ಕಟ್ಟತಿದ್ರು?"

ಹುಟ್ಟಿದಾಗಿನಿಂದ ಆ ಕಟ್ಟಡಗಳ ಮುಂದೆ ಓಡಾಡಿದವಳು ನಾನು. ಒಳಗೆ ಯಾಕೆ ಇಡುತ್ತಾರೆಂದರೆ ಬಣ್ಣ ಮಾಸದಿರಲಿ ಎಂದು, ಅಷ್ಟೇ ನನಗೆ ಗೊತ್ತಿದ್ದದ್ದು. ಈ ಹುಳಕ್ಕೆ ಮೆಣಸಿನಕಾಯಿ, ಕೊತ್ತಂಬರಿ, ಅರಿಶಿನ, ಮೈದಾ, ರಟ್ಟು ಎಲ್ಲವೂ ಊಟವೇ ಎಂದು ಅವರು ಹೇಳಿದರು. ಖಾರ ನಮ್ಮ ನಾಲಿಗೆಗೆ ಮಾತ್ರವಂತೆ. ಆಗಲೂ ನನ್ನ ಮನಸ್ಸು ಒಪ್ಪಲಿಲ್ಲ. ಎದ್ದು ಹೋಗಿ ಮೆಣಸಿನಕಾಯಿ ಇಡದ ಕೊನೆಯ ಎರಡು ಟ್ರಂಕುಗಳನ್ನು ತೆರೆದು ಪ್ರತಿ ಪುಸ್ತಕವನ್ನೂ ತಟ್ಟಿದೆ. ಗುತ್ತಲದ ಆ ಇತಿಹಾಸದ ಪುಸ್ತಕ ಇದ್ದದ್ದೂ ಅವುಗಳಲ್ಲಿ ಒಂದರಲ್ಲೇ. ಒಂದು ಚಿಟಿಕೆ ಪುಡಿ ಬೀಳಲಿಲ್ಲ. ಮನಸ್ಸಿನಲ್ಲೇ ಆ ಮನೆಯವರ ಕ್ಷಮೆ ಕೇಳಿದೆ.

ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೆ ಹುಳ ಬೆಳೆಯುವುದಿಲ್ಲ ಎಂದು ಅವರು ಹೇಳಿದ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮಾಲಕರ ಒಪ್ಪಿಗೆ ಕೇಳಿ ಒಂದು ಮೂಲೆ ಕೊಡಿಸಿದರು. ಪುಸ್ತಕಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಟ್ಟೆವು. ಒಳಗೆ ನಾಲ್ಕೈದು ಡಿಗ್ರಿ, ಮಾಡಿನವರೆಗೂ ಮೆಣಸಿನಕಾಯಿ ಚೀಲ, ಉಸಿರು ಬಿಟ್ಟರೆ ಹೊಗೆ. ಹದಿನೈದು ದಿನ ಅಲ್ಲಿ ಇಟ್ಟೆವು.

ಈ ಹದಿನೈದು ದಿನದಲ್ಲಿ ಕಾರ್ಯದರ್ಶಿಗಳಿಗೆ ಹೇಳಲೇಬೇಕಾಯಿತು. ಜುಲೈ ಕೊನೆಗೆ ಹಾವೇರಿಯಲ್ಲಿ ಮಾಸ್ತರರ ಹನ್ನೊಂದೂ ಪುಸ್ತಕಗಳ ಪ್ರದರ್ಶನ, ಜೊತೆಗೆ ಮಾಸ್ತರರಿಗೆ ಶಾಲು ಹೊದಿಸುವುದು ಎಂದು ಅವರು ಗೊತ್ತು ಮಾಡಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಗೊತ್ತು ಮಾಡಿದ ಕಾರ್ಯಕ್ರಮ ನಿಲ್ಲಿಸುವುದೆಂದರೆ ಅವರಿಗೆ ಜೀವ ಹೋದಷ್ಟು. ಪುಡಿ ಜಾಡಿಸಿ, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಗಾಜಿನ ಹಿಂದೆ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಅಂದರು. ಮಾಸ್ತರರಿಗೆ ಈಗಲೇ ಏನೂ ಹೇಳಬೇಡಿ ಅಂದರು. ನಾನು ಹೂಂ ಅಂದೆ. ಅವರು ಹೇಳಿದರೆಂದು ಹೂಂ ಅನ್ನಲಿಲ್ಲ, ನನಗೂ ಅದೇ ಬೇಕಾಗಿತ್ತು.

ಚೀಲಗಳು ಹೊರಗೆ ಬಂದವು. ಒಂದು ದಿನ ಬಿಚ್ಚದೆ ಹಾಗೇ ಇಟ್ಟು, ಆಮೇಲೆ ತೆಗೆದು ಮೆತ್ತನೆಯ ಬ್ರಶ್ಶಿನಿಂದ ಹಾಳೆ ಹಾಳೆ ಒರೆಸಿದೆ. ಹುಳ ಅಲುಗಾಡುತ್ತಿರಲಿಲ್ಲ. ಬೆನ್ನು ಹೋದ ಪುಸ್ತಕಗಳನ್ನು ಮತ್ತೆ ಹೊಲಿದೆ. ಒಂದೊಂದರ ಕೆಳಗೂ ಕಪ್ಪು ಹಾಳೆ ಹಾಸಿಟ್ಟೆ, ಪುಡಿ ಬಿದ್ದರೆ ಕಾಣಲಿ ಎಂದು. ಮೊದಲ ದಿನ ಇಲ್ಲ. ನಾಲ್ಕನೆಯ ದಿನವೂ ಇಲ್ಲ. ಏಳನೆಯ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಚಿಗರಿ ರಾಜ್ಯದ ಕೆಳಗಿನ ಕಪ್ಪು ಹಾಳೆಯ ಮೇಲೆ ಬೂದು ಬಣ್ಣದ ಒಂದು ಸಣ್ಣ ಗುಪ್ಪೆ ಇತ್ತು. ಹೆಬ್ಬೆರಳಿನ ಉಗುರಿನಷ್ಟು. ಅದನ್ನೇ ನೋಡುತ್ತ ಎಷ್ಟು ಹೊತ್ತು ನಿಂತೆನೋ ತಿಳಿಯದು, ಒಲೆಯ ಮೇಲಿನ ಹಾಲು ಪೂರಾ ಉಕ್ಕಿ ಹೋಗಿತ್ತು.

"ಅಲ್ಲಿ ಅವು ಮಲಗ್ತಾವ್ರಿ, ಸಾಯಂಗಿಲ್ಲ. ನಾ ಬೆಳೆಯಂಗಿಲ್ಲ ಅಂದಿದ್ನಿ," ಅಂದರು ಪಕ್ಕದ ಮನೆಯವರು. ಅವರು ಅಂದದ್ದು ಅಷ್ಟೇ. ಸಾಯುತ್ತವೆ ಎಂದು ಕೇಳಿಸಿಕೊಂಡವಳು ನಾನು.

ಕಾರ್ಯದರ್ಶಿಗಳು ಗೋದಾಮಿಗೆ ಇಡುವ ವಿಷದ ಹೊಗೆಯ ಮಾತ್ರೆ ತರಿಸುತ್ತೇನೆ, ಒಂದು ದಿನದ ಕೆಲಸ ಅಂದರು. ಪಕ್ಕದ ಮನೆಯವರನ್ನು ಕೇಳಿದೆ. ಅವರ ಮುಖದಲ್ಲಿ ನಗು ಇರಲಿಲ್ಲ. ಅದು ಮನೆಯ ಹತ್ತಿರ ಸುಳಿಯುವ ವಸ್ತುವಲ್ಲ, ಮನುಷ್ಯರು ಸತ್ತದ್ದನ್ನು ಕೇಳಿದ್ದೇನೆ, ಮಕ್ಕಳು ಹಿಡಿಯುವ ಪುಸ್ತಕಕ್ಕಂತೂ ಬೇಡವೇ ಬೇಡ ಅಂದರು.

ಆ ದಿನವೇ ತೀರ್ಮಾನ ಮಾಡಿದೆ. ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಪ್ರದರ್ಶನ ಆಗುವುದಿಲ್ಲ, ಹೊಗೆಯೂ ಬೇಡ, ಎಲ್ಲ ಟ್ರಂಕುಗಳೂ ವಾಪಸು ಬರಬೇಕು ಅಂದೆ. ಮಂದಿ ಏನು ಅನ್ನುತ್ತಾರೆ ಎಂದು ಕೇಳಿದರು. ತಪ್ಪು ನನ್ನದು ಎಂದು ಶಾಲೆಗಳಿಗೆ ನಾನೇ ಬರೆದು ಕೊಡುತ್ತೇನೆ, ಮಂದಿ ನನ್ನನ್ನು ಅನ್ನಲಿ ಅಂದೆ. ಫೋನ್ ಇಟ್ಟ ಮೇಲೆ ಬಸ್ ಹಿಡಿದು ಗುತ್ತಲಕ್ಕೆ ಹೋದೆ, ಅಲ್ಲಿಂದ ಗಳಗನಾಥಕ್ಕೆ. ಗುತ್ತಲದ ಶಾಲೆಯವರು ಟ್ರಂಕನ್ನು ಇನ್ನೂ ತೆರೆದಿರಲಿಲ್ಲ, ಪುಣ್ಯ. ಗಳಗನಾಥದಲ್ಲಿ ತೆರೆದು ಪುಸ್ತಕಗಳನ್ನೆಲ್ಲ ಶಾಲೆಯ ಕಪಾಟಿನಲ್ಲಿ ಚಂದಗೆ ಜೋಡಿಸಿಬಿಟ್ಟಿದ್ದರು. ಆ ಕಪಾಟಿನಲ್ಲಿ ಶಾಲೆಯ ಸ್ವಂತ ಪುಸ್ತಕಗಳೂ ಇದ್ದವು. ಎರಡು ದಿನ ಅಲ್ಲೇ ಕೂತು ಒಂದೊಂದನ್ನೇ ತಟ್ಟಿದೆ. ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಿಂದ ಪುಡಿ ಬಿತ್ತು. ಅವನ್ನೂ ಟ್ರಂಕಿಗೆ ಹಾಕಿಕೊಂಡೆ. ಅಲ್ಲಿಯ ಹೆಡ್‌ಮಾಸ್ತರರು ಚಹಾ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಧಾರವಾಡದ ಕಡೆಯ ಒಬ್ಬ ಹಿರಿಯ ಗ್ರಂಥಪಾಲಕರ ನಂಬರು ಹುಡುಕಿ ಫೋನ್ ಮಾಡಿದೆ. ನಾಲ್ಕೈದು ಡಿಗ್ರಿ ಸಾಲದು, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಎರಡು ವಾರ ಅಂದರು. ಒಂದು ಸಲಕ್ಕೆ ಮೊಟ್ಟೆ ಉಳಿದರೂ ಉಳಿಯಬಹುದು, ಹೊರಗೆ ತೆಗೆದು ಒಂದು ದಿನ ಬಿಟ್ಟು ಮತ್ತೆ ಒಂದು ವಾರ ಇಡಿ ಅಂದರು. ಅಷ್ಟು ತಂಪು ಎಲ್ಲಿ ಸಿಗುತ್ತದೆ? ಹಾವೇರಿಯಲ್ಲಿ ಐಸ್‌ಕ್ರೀಮ್ ಸಗಟು ವ್ಯಾಪಾರಿಯೊಬ್ಬರಿದ್ದಾರೆ. ಮಳೆಗಾಲದಲ್ಲಿ ಅವರ ಪೆಟ್ಟಿಗೆ ಫ್ರಿಜ್‌ಗಳು ಅರ್ಧಕ್ಕರ್ಧ ಖಾಲಿ. ಪುಸ್ತಕ ಇಡಬೇಕು ಅಂದಾಗ ನಕ್ಕರು, ಹುಳ ಇವೆ ಅಂದಾಗ ನಗು ನಿಂತಿತು. ಚೀಲ ನಾನು ಕಣ್ಣಾರೆ ನೋಡಿದ ಮೇಲೆಯೇ ಒಳಗೆ ಅಂದರು. ಒಂದೊಂದು ಪುಸ್ತಕಕ್ಕೂ ಬಿಳಿ ಹಾಳೆ ಸುತ್ತಿ, ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಗೆ ಎರಡು ಸುತ್ತು ಟೇಪ್ ಬಿಗಿದೆ. ಗಾಳಿ ಒಳಗೆ ಉಳಿದರೆ ಹೊರಗೆ ತೆಗೆದಾಗ ನೀರಾಗಿ ಹಾಳೆಯ ಮೇಲೆ ಕೂರುತ್ತದೆ. ಕಂತಿನ ಮೇಲೆ ಕಂತು, ಜುಲೈ ನಡುವಿನಿಂದ ಆಗಸ್ಟ್ ಪೂರಾ ಅದೇ ಕೆಲಸ. ದಿನ ಬಿಟ್ಟು ದಿನ ಬಸ್ಸಿನಲ್ಲಿ ಹಾವೇರಿಗೆ ಹೋಗಿ ಫ್ರಿಜ್‌ನೊಳಗಿನ ಥರ್ಮಾಮೀಟರ್ ನೋಡಿ ಬರುತ್ತಿದ್ದೆ.

ಈ ಎಲ್ಲದರ ನಡುವೆ ಮಾಸ್ತರರಿಗೆ ಹೇಳಿದ್ದು ಒಂದೇ ಮಾತು, ಪ್ರದರ್ಶನ ಮುಂದೆ ಹೋಗಿದೆ ಎಂದು. ಅವರು ಫೋನ್‌ನಲ್ಲಿ ಆಗಲವಾ, ಅವಸರ ಏನೈತಿ ಅಂದಿದ್ದರು. ಶಾಲೆಗಳಿಗೆಲ್ಲ ತಪ್ಪೊಪ್ಪಿಗೆ ಬರೆದು ಕೊಟ್ಟವಳಿಗೆ ಆ ಒಂದು ಮನೆಗೆ ಹೋಗಲು ಕಾಲು ಬರಲಿಲ್ಲ. ಪುಸ್ತಕ ಪೂರ್ತಿ ವಾಸಿಯಾದ ಮೇಲೆ ಹೇಳೋಣ, ಈಗ ಹೇಳಿ ವಯಸ್ಸಾದ ಜೀವಕ್ಕೆ ಯಾಕೆ ಸಂಕಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಕಟ ಯಾರದು ಎಂಬುದು ನನಗೂ ಗೊತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಮೂರು ವಾರ ಕಪ್ಪು ಹಾಳೆಗಳ ಮೇಲೆ ಪುಡಿ ಬೀಳಲಿಲ್ಲ. ಹನ್ನೊಂದರಲ್ಲಿ ಏಳು ಪುಸ್ತಕ ತೂತುಗಳೊಂದಿಗೆ ಉಳಿದವು. ನಾಲ್ಕು ಹೋದವು. ಹೋದವು ಅಂದರೆ ಹಾಳೆಗಳಿವೆ, ಆದರೆ ಅಂಟಿನ ಪಕ್ಕದ ಭಾಗವೆಲ್ಲ ಜರಡಿ, ಎತ್ತಿದರೆ ಚೂರು ಉದುರುತ್ತವೆ. ಚಿಗರಿ ರಾಜ್ಯದ ಎರಡನೆಯ, ಮೂರನೆಯ ಭಾಗ, ಗುಡಿಯ ಇತಿಹಾಸದಲ್ಲಿ ಒಂದು, ಅಕ್ಷರವಿಲ್ಲದ ಚಿತ್ರಪುಸ್ತಕಗಳಲ್ಲಿ ಒಂದು. ಹೋದವುಗಳನ್ನು ತಟ್ಟೆಯಂಥ ರಟ್ಟಿನ ಡಬ್ಬಿಗಳಲ್ಲಿ ಮಲಗಿಸಿ, ಎಲ್ಲವನ್ನೂ ಹೊತ್ತುಕೊಂಡು ರಾಣೆಬೆನ್ನೂರಿಗೆ ಹೊರಟೆ.

ಮಾಸ್ತರರು ಹೊರಗಿನ ಕೋಣೆಯಲ್ಲಿ ಕೂತಿದ್ದರು. ನೀರು ತಂದು ಕೊಡುವವರೆಗೂ ಕಾಯಲಿಲ್ಲ, ನಿಂತುಕೊಂಡೇ ಎಲ್ಲ ಹೇಳಿದೆ. ಮೋಟೆಬೆನ್ನೂರು, ಕೋಲ್ಡ್ ಸ್ಟೋರೇಜ್, ಐಸ್‌ಕ್ರೀಮ್ ಫ್ರಿಜ್, ಜೂನ್‌ನಿಂದ ಮುಚ್ಚಿಟ್ಟದ್ದು, ಎಲ್ಲ. ಅವರು ಪುಸ್ತಕಗಳನ್ನು ಒಂದೊಂದಾಗಿ ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು. ನಡುಗುವ ಬೆರಳಿನಿಂದ ಚಿಗರಿಯ ಕೋಡಿನ ಮೇಲಿನ ತೂತು ಸವರಿದರು. ನಾನು ಬೈಗುಳಕ್ಕೆ ಕಾದೆ.

"ಹುಳಾ ಎಲ್ಲಿಂದ ಬಂದ್ವು ಅಂದಿ?"

"ಮೆಣಸಿನಕಾಯ್ಯಾಗಿಂದ್ರಿ ಸರ್. ನಾ ಇಟ್ಟ ಗಂಟಿನ್ಯಾಗಿಂದ."

ಅವರು ತಲೆ ಎತ್ತಿದರು. 'ಮೆಣಸಿನಕಾಯ್ಯಾಗಿಂದ' ಎಂದು ತಾವೂ ಒಂದು ಸಲ ಅಂದುಕೊಂಡರು. ತೊಡೆಯ ಮೇಲಿದ್ದ ಪುಸ್ತಕವನ್ನು ಪಕ್ಕಕ್ಕೆ ಇಟ್ಟು, ಗೋಡೆ ಹಿಡಿದು ಎದ್ದು, ಒಳಗಿನ ಕೋಣೆಗೆ ನಡೆದರು. ಹಿಂದೆ ಹೋದೆ. ಅಲ್ಲಿ ಗೋಡೆಯುದ್ದಕ್ಕೂ ಮರದ ಕಪಾಟು. ಮೂವತ್ತು ವರ್ಷದ ಮಕ್ಕಳ ಚಿತ್ರಗಳು ಆ ಕಪಾಟಿನಲ್ಲಿವೆ ಎಂದು ಅವರು ಹೇಳಿದರು, ಒಂದೊಂದು ವರ್ಷಕ್ಕೆ ಒಂದೊಂದು ಪುಸ್ತಕ, ಅದೇ ಅಂಟು, ಅದೇ ಹೊಲಿಗೆ. ನಾನು ಅದನ್ನು ಕೇಳಿರಲಿಲ್ಲ, ಅವರು ತೋರಿಸಿಯೂ ಇರಲಿಲ್ಲ.

"ನೀ ಅವತ್ತ ಟ್ರಂಕಿನ್ಯಾಗ ಗಂಟ ಇಡೂದ ನೋಡಿದ್ನೆಲ್ಲ. ಎರಡು ಕಿಲೋ ತರಿಸಿ ನಾನೂ ಇಟ್ನಿ. ನೀ ಬ್ಯಾಡಗ್ಯಾಕಿ, ನಿನಗ ಗೊತ್ತಿರ್ತೈತಿ ಅಂದ್ಕೊಂಡ್ನಿ."

ಜೂನ್‌ನಲ್ಲಿ ನಾನು ಹೇಳಿದ್ದರೆ ಆ ಕಪಾಟಿಗೆ ಮೂರು ತಿಂಗಳು ಉಳಿಯುತ್ತಿತ್ತು. ಅದನ್ನು ನಾನು ಬಾಯಿ ಬಿಟ್ಟು ಹೇಳಿದೆ, ಹೇಳದೆ ನಿಲ್ಲಲು ಆಗಲಿಲ್ಲ. ಅವರು ಚಿಲಕ ತೆಗೆದರು. ಬಾಗಿಲಿನ ಒಳಮೈಯಲ್ಲಿ ಕಂದು ಹುಳಗಳು ನಿಧಾನವಾಗಿ ನಡೆಯುತ್ತಿದ್ದವು. ಒಂದು ಬಿಳಿ ಪಂಜೆ ಕೇಳಿ ನೆಲಕ್ಕೆ ಹಾಸಿದೆ. ಕೆಳಗಿನ ಸಾಲಿನ ಮೊದಲ ಪುಸ್ತಕ ಎತ್ತಿ, ಬೆನ್ನು ಮೇಲೆ ಮಾಡಿ, ಮೂರು ಸಲ ತಟ್ಟಿದೆ. ಪುಡಿ ಬಿತ್ತು. ಎರಡನೆಯದನ್ನು ತಟ್ಟಿದೆ. ಮಾಸ್ತರರು ಪಕ್ಕದಲ್ಲೇ ನೆಲದ ಮೇಲೆ ಕೂತು ಮೂರನೆಯದನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟರು.

"ಇನ್ನ ಎಷ್ಟ ಮಂದಿಗೆ ಹೇಳೀದಿವಾ, ಮೆಣಸಿನಕಾಯಿ ಇಡ್ರಿ ಅಂತ?"

ಪುಸ್ತಕ ಕೈಯಲ್ಲಿ ಹಾಗೇ ಹಿಡಿದು ನೆನಪು ಮಾಡಿಕೊಂಡೆ. ಹಾವೇರಿಯ ಬಟ್ಟೆ ಅಂಗಡಿಯವರು, ನಮ್ಮೂರ ವಕೀಲರು, ಗುತ್ತಲದ ಆ ಮನೆ. ಚಳಿಗಾಲವೆಲ್ಲ ಮನೆ ಮನೆ ಹೊಕ್ಕು ಪುಸ್ತಕ ಹೊತ್ತು ತರುವಾಗ, ಉಳಿದ ಪುಸ್ತಕಗಳನ್ನು ನೋಡಿ ನಾನು ಹೊಸ್ತಿಲಲ್ಲಿ ನಿಂತು ಹೇಳಿ ಬರುತ್ತಿದ್ದ ಬುದ್ಧಿಮಾತು ಅದು. ಹೇಳದ ಮನೆ ಯಾವುದೆಂದು ಹುಡುಕಿದೆ. ಒಂದೂ ನೆನಪಾಗಲಿಲ್ಲ.